ಟೋಪಿ ಹಾಕಿಕೊಂಡವನು

ಅವನಿಗೆ ‘ಮೇಸ್ತ್ರಿ’ ಅಂತ ಹೆಸರಿಟ್ಟವನು ನನ್ನ ಸೋದರಮಾವನ ಮಗ. ಹೆಸರಿಡಲು ಹೆಚ್ಚು ತಲೆ ಕೆಡಿಸಿಕೊಳ್ಳುವ ಪ್ರಮೇಯವೇ ಇರಲಿಲ್ಲ. ಹಳದಿ ಬಣ್ಣದ ಒಂದು ಹೆಲ್ಮೆಟ್ಟು, ಅದರಡಿ ಎರಡು ಕಣ್ಣು. ಅವನೆಂದರೆ ಅಷ್ಟೇ. ಕತ್ತಿಲ್ಲ, ಹೊಟ್ಟೆಯಿಲ್ಲ, ಕೈಕಾಲಿಲ್ಲ. ಟಿವಿ ಪರದೆಯ ಮೇಲೆ, ಕಲ್ಲು ಕ್ವಾರಿಯಂಥ ಜಾಗದಲ್ಲಿ, ಬೋರಲು ಹಾಕಿದ ಬೋಗುಣಿಯ ಹಾಗೆ ಕೂತಿರುತ್ತಿದ್ದ. ದೂರದಿಂದ ಎಷ್ಟು ಗುಂಡು ಹಾರಿಸಿದರೂ ಟಿಂಗ್ ಟಿಂಗ್ ಎಂದು ಹೆಲ್ಮೆಟ್ಟಿಗೆ ತಾಗಿ ಪುಟಿದು ಹೋಗುತ್ತಿದ್ದವು. ಹತ್ತಿರ ಹೋದಾಗ ಮಾತ್ರ, ಬಾಗಿಲು ಬಡಿದದ್ದು ಕೇಳಿ ಚಿಲಕ ಸರಿಸಿ ಇಣುಕುವ ಮುದುಕಪ್ಪನ ಹಾಗೆ ಹೆಲ್ಮೆಟ್ಟನ್ನು ತುಸು ಮೇಲೆತ್ತುತ್ತಿದ್ದ. ಎರಡು ಕಣ್ಣು ಕಾಣುತ್ತಿದ್ದವು. ಇಣುಕಿದ್ದೇ ತಡ, ಮೂರು ದಿಕ್ಕಿಗೆ ಮೂರು ಗುಂಡು ಉಗುಳಿ ಮತ್ತೆ ಮುಚ್ಚಿಕೊಳ್ಳುತ್ತಿದ್ದ. ಮುಟ್ಟಿದರೆ ಮುನಿ ಗಿಡದ ಎಲೆ ಮಡಚಿಕೊಂಡ ಹಾಗೆ.

ಆ ಇಣುಕುವ ಅರೆಗಳಿಗೆಯಲ್ಲಿ ಗುಂಡು ತಾಗಿದರೆ ಸಾಕು, ಒಂದೇ ಏಟಿಗೆ ಢಮಾರ್.

ತಕರಾರು ಇದ್ದದ್ದು ಹೆಸರಿನಲ್ಲಿ. ನಮ್ಮಪ್ಪ ನಿಜವಾದ ಮೇಸ್ತ್ರಿ. ದಾವಣಗೆರೆಯಲ್ಲಿ ಗಾರೆ ಕೆಲಸದವರನ್ನು ಕಟ್ಟಿಕೊಂಡು ಮನೆ ಕಟ್ಟಿಸುತ್ತಿದ್ದವನು. ಪರದೆ ಮೇಲೆ ಹಳದಿ ಟೋಪಿ ಕಂಡ ಕೂಡಲೇ ಮಾವನ ಮಗ, “ಲೇ, ನಿಮ್ಮಪ್ಪ ಬಂದ ನೋಡಲೇ, ಹೊಡಿ” ಅನ್ನುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟಿನಲ್ಲಿ ಬಟನ್ನು ಒತ್ತಿದರೆ ಗುಂಡು ಹೊತ್ತಿಗೆ ಮುಂಚೆಯೇ ಹಾರಿ ಟಿಂಗ್ ಅನ್ನುತ್ತಿತ್ತು. ಮೇಸ್ತ್ರಿ ಆಮೇಲೆ ನಿಧಾನವಾಗಿ ಕಣ್ಣು ಬಿಟ್ಟು ನನ್ನನ್ನೇ ಹೊಡೆಯುತ್ತಿದ್ದ. ರಿಮೋಟು ಮಾವನ ಮಗನ ಕೈಗೆ ಹೋಗುತ್ತಿತ್ತು. ಅವನಿಗೆ ಬೇಕಾಗಿದ್ದದ್ದೂ ಅದೇ. (ನಾವು ಆ ಆಟದ ಬಟನ್ನಿನ ಹಿಡಿಕೆಯನ್ನು ರಿಮೋಟು ಅಂತಲೇ ಅನ್ನುತ್ತಿದ್ದೆವು. ತಂತಿ ಇರುವುದಕ್ಕೆ ರಿಮೋಟು ಅಂತ ಯಾಕನ್ನಬೇಕು ಎಂದು ಆಗ ಯಾರೂ ಕೇಳಲಿಲ್ಲ.)

ಇದು 1995–96ರ ಬೇಸಿಗೆ ರಜೆಯ ಮಾತು. ಮಾವ ಬೆಂಗಳೂರಿಗೆ ಹೋದವರು ಒಂದು ಟಿವಿ ಗೇಮ್ ತಂದಿದ್ದರು. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಫ್ಯಾಮಿಕಾಮ್ ಎಂಬ ಯಂತ್ರ ಮಾಡಿತ್ತು. ಅದನ್ನು ನೋಡಿ ಯಾರೋ ಮಾಡಿದ ನಕಲು ನಮ್ಮದು. ಜೊತೆಗೆ ಒಂದು ಹಳದಿ ಕ್ಯಾಸೆಟ್ಟು, ಅದರ ಮೇಲೆ ‘999999 ಇನ್ 1’ ಎಂದು ಬರೆದಿತ್ತು. ಹತ್ತು ಲಕ್ಷಕ್ಕೆ ಒಂದು ಕಡಿಮೆ ಆಟ! ಇಡೀ ರಜೆ ಆಡಿದರೂ ಮುಗಿಯುವುದಿಲ್ಲ ಎಂದು ನಾವು ಊಟ ಬಿಟ್ಟು ಕೂತೆವು. ಎರಡನೇ ದಿನ ಮಧ್ಯಾಹ್ನದೊಳಗೆ ಗೊತ್ತಾಯಿತು, ಒಳಗಿರುವುದು ಏಳೇ ಆಟ. ಎಂಟನೆಯದರಿಂದ ಮತ್ತೆ ಅದೇ ಮಾರಿಯೋ, ಅದೇ ಕಾಂಟ್ರಾ, ಹೆಸರು ಮಾತ್ರ ಬೇರೆ. ಮಾವ ಚಹಾ ಕುಡಿಯುತ್ತಾ, “ನಂಗೆ ಸರಿಯಾಗಿ ಟೋಪಿ ಹಾಕ್ಯಾನೆ ನನ್ಮಗ” ಎಂದರು. ಟೋಪಿ ಅನ್ನುವ ಮಾತು ನನ್ನ ಬಾಳಿನಲ್ಲಿ ಎಷ್ಟು ಕಡೆ ತಲೆ ಹಾಕಲಿದೆ ಎಂದು ಆಗ ತಿಳಿದಿರಲಿಲ್ಲ.

ಮೇಸ್ತ್ರಿ ಇದ್ದದ್ದು ಬೇರೆ ಕ್ಯಾಸೆಟ್ಟಿನಲ್ಲಿ. ಪಕ್ಕದ ಬೀದಿಯ ಹುಡುಗನೊಬ್ಬನಿಗೆ ನಮ್ಮ ಹಳದಿ ಕ್ಯಾಸೆಟ್ಟು ಕೊಟ್ಟು ಅದಲು ಬದಲು ಮಾಡಿಕೊಂಡು ತಂದದ್ದು. ಅದರ ಮೇಲಿದ್ದ ಬರಹ ಚೀನಿಯೋ ಜಪಾನಿಯೋ ನಮಗೆ ತಿಳಿಯದು. ಯಂತ್ರಕ್ಕೆ ಹಾಕುವ ಮುಂಚೆ ಅದರ ಬಾಯಿಗೆ ಒಮ್ಮೆ ಉಫ್ ಎಂದು ಊದಬೇಕು. ಊದಿದರೆ ಯಾಕೆ ನಡೆಯುತ್ತದೆ ಅಂತ ಕೇಳಬಾರದು. ಊದಿದ ಮೇಲೆ ಪರದೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ‘ರಾಕ್‌ಮ್ಯಾನ್’ ಎಂದು ಮೂಡುತ್ತಿತ್ತು.

ಕ್ಯಾಪ್‌ಕಾಮ್ ಎಂಬ ಜಪಾನಿ ಕಂಪನಿ 1987ರ ಡಿಸೆಂಬರ್ 17ರಂದು ಹೊರತಂದ ಆಟ ಅದು ಎಂದು ನಾನು ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅಮೆರಿಕಕ್ಕೆ ಹೋಗುವಾಗ ರಾಕ್‌ಮ್ಯಾನ್ ಎಂಬ ಹೆಸರು ಹೋಗಿ ಮೆಗಾ ಮ್ಯಾನ್ ಆಯಿತು. ಕಥೆ ಇಷ್ಟು. ಡಾಕ್ಟರ್ ಲೈಟ್ ಎಂಬ ಒಳ್ಳೆಯ ವಿಜ್ಞಾನಿ ಜನರ ಕೆಲಸಕ್ಕೆಂದು ರೋಬೋಟುಗಳನ್ನು ಮಾಡಿರುತ್ತಾನೆ. ಮರ ಕಡಿಯಲು ಒಬ್ಬ, ಕಸ ಸುಡಲು ಒಬ್ಬ, ನೆಲ ಸಮ ಮಾಡಿ ಕಟ್ಟಡ ಕಟ್ಟಲು ಒಬ್ಬ, ಹೀಗೆ ಆರು ಮಂದಿ. ಡಾಕ್ಟರ್ ವೈಲಿ ಎಂಬ ಕೆಟ್ಟ ವಿಜ್ಞಾನಿ ಅವರ ತಲೆ ಕೆಡಿಸಿ ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಮನೆಗೆಲಸಕ್ಕಿದ್ದ ಹುಡುಗ ರೋಬೋಟೊಬ್ಬ ಕೈಗೆ ಬಂದೂಕು ಕಟ್ಟಿಕೊಂಡು ನೀಲಿ ಅಂಗಿ ತೊಟ್ಟು ಅವರನ್ನು ಒಬ್ಬೊಬ್ಬರನ್ನಾಗಿ ಸೋಲಿಸುತ್ತಾನೆ. ನಮ್ಮ ಮೇಸ್ತ್ರಿ ಸಿಗುವುದು ಕಟ್ಟಡದ ರೋಬೋಟು ಗಟ್ಸ್ ಮ್ಯಾನ್‌ನ ಜಾಗದಲ್ಲಿ. ಕ್ವಾರಿ, ಗಣಿ, ಹಳಿಯ ಮೇಲೆ ಓಡುವ ತೊಟ್ಟಿಲು, ಗುದ್ದಲಿ ಎಸೆಯುವ ಆಳುಗಳು. ಸೈಟು ಅಂದಮೇಲೆ ಹೆಲ್ಮೆಟ್ಟು ಇರಲೇಬೇಕಲ್ಲ.

ಆ ತೊಟ್ಟಿಲಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಹಳಿ ಅಲ್ಲಲ್ಲಿ ತುಂಡಾಗಿರುತ್ತದೆ. ಅಲ್ಲಿಗೆ ಬಂದಾಗ ಹಲಗೆ ಕೆಳಗೆ ಮಡಚಿಕೊಳ್ಳುತ್ತದೆ, ನಿಂತವನು ಪಾತಾಳಕ್ಕೆ. ಸರಿಯಾಗಿ ಅದೇ ಹೊತ್ತಿಗೆ ನೆಗೆಯಬೇಕು. ನಮ್ಮ ಬೀದಿಯ ಅರ್ಧ ಹುಡುಗರ ಬೇಸಿಗೆ ಆ ಹಳಿಯ ಮೇಲೆಯೇ ಕಳೆದುಹೋಯಿತು. ಈಗ ಕಟ್ಟಡದ ಸೈಟಿನಲ್ಲಿ ಕೆಲಸಕ್ಕಿರುವ ನಾನು ಸಾರುವೆಯ ಹಲಗೆ ಹತ್ತುವಾಗ ಮೊದಲು ಒಂದು ಕಾಲಿಟ್ಟು ಒತ್ತಿ ನೋಡುತ್ತೇನೆ. ಈ ಅಭ್ಯಾಸವನ್ನು ನನಗೆ ಕಲಿಸಿದ್ದು ಡಿಪ್ಲೊಮಾ ಕಾಲೇಜು ಎಂದು ನಮ್ಮ ಸೇಫ್ಟಿ ಆಫೀಸರು ನಂಬಿದ್ದಾರೆ.

ಮೇಸ್ತ್ರಿಯ ಅಸಲಿ ಹೆಸರು ನನಗೆ ಸಿಕ್ಕಿದ್ದು ಹಾಸ್ಟೆಲಿನಲ್ಲಿ. ಗೆಳೆಯನೊಬ್ಬ ಕಂಪ್ಯೂಟರಿಗೆ ಎಮ್ಯುಲೇಟರ್ ಹಾಕಿ ಹಳೆಯ ಆಟಗಳನ್ನೆಲ್ಲ ತುಂಬಿಕೊಂಡಿದ್ದ. ಜಪಾನಿನಲ್ಲಿ ಇವನು ಮೆಟ್ಟೂಲ್. ಇಂಗ್ಲಿಷಿಗೆ ಬಂದು ಮೆಟ್, ಮೆಟ್ಟಾರ್, ಹಾರ್ಡ್ ಹ್ಯಾಟ್ ಎಂದೆಲ್ಲ ಆಗಿದ್ದಾನೆ. ಜಪಾನಿಗಳು ಹೆಲ್ಮೆಟ್ಟಿಗೆ ‘ಹೆರುಮೆಟ್ಟೊ’ ಅನ್ನುತ್ತಾರೆ. ಅಷ್ಟುದ್ದ ಯಾರು ಹೇಳುತ್ತಾರೆ ಅಂತ ಅದನ್ನು ಕತ್ತರಿಸಿ ‘ಮೆಟ್ಟೊ’ ಮಾಡಿಕೊಂಡಿದ್ದಾರೆ. ಓದಿ ನನಗೆ ನಗು ತಡೆಯಲಾಗಲಿಲ್ಲ. ಅವರಲ್ಲಿ ಮೆಟ್ಟೊ ತಲೆಗೆ, ನಮ್ಮಲ್ಲಿ ಮೆಟ್ಟು ಕಾಲಿಗೆ. ಊರಿಗೆ ಫೋನು ಮಾಡಿ ಅಪ್ಪನಿಗೆ ಹೇಳಿದೆ. “ಹಂಗಾದ್ರೆ ಅಲ್ಲಿ ದೇವಸ್ಥಾನದ ಹೊರಗೆ ತಲೆ ಬಿಟ್ಟು ಹೋಗ್ಬೇಕೇನು?” ಎಂದ.

ಕಾಲಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಮೊದಲ ಆಟದಲ್ಲಿ ಮೆಟ್ಟೂಲ್‌ಗೆ ಕಾಲೇ ಇರಲಿಲ್ಲ, ಕೂತಲ್ಲಿಂದ ಏಳುತ್ತಿರಲಿಲ್ಲ. ಮಾರನೇ ವರ್ಷ, 1988ರಲ್ಲಿ ಬಂದ ಎರಡನೇ ಆಟದಲ್ಲಿ ಕಾಲು ಮೂಡಿದವು. ಹೆಲ್ಮೆಟ್ಟಿನ ಕೆಳಗಿನಿಂದ ನೇರವಾಗಿ ಎರಡು ಪಾದ, ಗುಡುಗುಡು ಓಟ. ಆಮೇಲಿನ ಆಟಗಳಲ್ಲಿ ಒಂದಕ್ಕೆ ನೆತ್ತಿಯ ಮೇಲೆ ಫ್ಯಾನು ಬಂತು, ಹಾರಿತು. ಇನ್ನೊಂದು ನೀರಿಗಿಳಿದು ಈಜಿತು. 2001ರಲ್ಲಿ ಶುರುವಾದ ಬ್ಯಾಟಲ್ ನೆಟ್‌ವರ್ಕ್ ಎಂಬ ಬೇರೆ ಸರಣಿಯಲ್ಲಿ ಇವನೇ ಕಂಪ್ಯೂಟರಿನೊಳಗಿನ ವೈರಸ್ ಆಗಿ, ಗುದ್ದಲಿ ಹಿಡಿದು ನೆಲಕ್ಕೆ ಹೊಡೆಯುತ್ತಾನೆ. 2018ರ ಹನ್ನೊಂದನೇ ಆಟದಲ್ಲೂ ಇದ್ದಾನೆ. ದೊಡ್ಡ ದೊಡ್ಡ ಖಳನಾಯಕರು ಒಂದು ಆಟಕ್ಕೆ ಬಂದು ಸತ್ತು ಹೋದರು. ಒಂದೇ ಏಟಿಗೆ ಸಾಯುವ ಇವನು ಮೂವತ್ತು ವರ್ಷ ದಾಟಿಸಿದ. ಊರಿನ ಲೇಬರ್ ಅಡ್ಡೆಯಲ್ಲಿ ನಿಂತು ನೋಡಿ, ಕಂಟ್ರಾಕ್ಟರುಗಳು ಬದಲಾಗುತ್ತಾರೆ, ಹೆಲ್ಪರುಗಳು ಅಲ್ಲೇ ಇರುತ್ತಾರೆ.

ಎಲ್ಲಕ್ಕಿಂತ ನನಗೆ ಆಘಾತ ಕೊಟ್ಟಿದ್ದು ನಾಲ್ಕನೇ ಆಟ. 1991ರದು. ವೈಲಿಯ ಕೋಟೆಗೆ ನುಗ್ಗಿದ ಮೇಲೆ ಮೊದಲು ಎದುರಾಗುವ ದೊಡ್ಡ ಶತ್ರು ಒಂದು ಗುಡ್ಡದಂಥ ಹಳದಿ ಹೆಲ್ಮೆಟ್ಟು. ನೆಗೆದು ಧೊಪ್ಪನೆ ಬಿದ್ದರೆ ಮೇಲಿನಿಂದ ಚಿಳ್ಳೆಪಿಳ್ಳೆ ಮೆಟ್ಟೂಲ್‌ಗಳು ಉದುರುತ್ತವೆ. ಅದರ ಹೆಸರು ಮೆಟ್ಟೂಲ್ ಡ್ಯಾಡಿ. ಮಾವನ ಮಗನಿಗೆ ಈ ವಿಷಯ ಇವತ್ತಿಗೂ ಹೇಳಿಲ್ಲ. “ನಿಮ್ಮಪ್ಪ ಬಂದ” ಅಂತ ಅವನು ಅಂದಿದ್ದಕ್ಕೆ ಕ್ಯಾಪ್‌ಕಾಮ್‌ನವರೇ ಮೊಹರು ಒತ್ತಿದ್ದಾರೆ ಎಂದು ಗೊತ್ತಾದರೆ ಮದುವೆ ಮುಂಜಿಯಲ್ಲೆಲ್ಲ ಅದೇ ಮಾತಾಗುತ್ತದೆ.

ಇಷ್ಟು ಕಡಿಮೆ ಸಾಮಾನಿನಲ್ಲಿ ಒಬ್ಬನನ್ನು ಹೀಗೆ ಕಟ್ಟಿದ್ದಾರಲ್ಲ ಅನ್ನುವುದು ನನ್ನ ಬೆರಗು. ಗಾರೆಯವನ ಮಗನಾದ್ದರಿಂದ ಸಾಮಾನಿನ ಲೆಕ್ಕ ಮೊದಲು ಕಣ್ಣಿಗೆ ಬೀಳುತ್ತದೆ. ಫ್ಯಾಮಿಕಾಮ್ ಯಂತ್ರದಲ್ಲಿ ಓಡಾಡುವ ಬೊಂಬೆಗಳನ್ನು ಅಡ್ಡ ಎಂಟು, ಉದ್ದ ಎಂಟು ಚುಕ್ಕಿಯ ಬಿಲ್ಲೆಗಳಿಂದ ಜೋಡಿಸಬೇಕು. ಒಂದು ಬಿಲ್ಲೆಗೆ ಮೂರೇ ಬಣ್ಣ. ಪರದೆಯ ಒಂದೇ ಅಡ್ಡಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಬಿಲ್ಲೆ ಬಂದರೆ ಮಿಕ್ಕವು ಕಾಣುವುದೇ ಇಲ್ಲ. ಯಂತ್ರದ ಒಳನೆನಪು 2 ಕಿಲೋಬೈಟು, ಇಡೀ ಆಟ 128 ಕಿಲೋಬೈಟು. ಈಗ ಸೈಟಿನ ವಾಟ್ಸಾಪ್ ಗುಂಪಿಗೆ ಬರುವ ‘ಶುಭ ಮುಂಜಾನೆ’ಯ ಹೂವಿನ ಚಿತ್ರವೂ ಅದಕ್ಕಿಂತ ದೊಡ್ಡದಿರುತ್ತದೆ. ನೀಲಿ ಹುಡುಗನಿಗೂ ಪರದೆಯ ಮೇಲೆ ಒಮ್ಮೆಗೆ ಮೂರೇ ಗುಂಡು ಹಾರಿಸಲು ಪರವಾನಗಿ. ಮೂರೂ ಹೆಲ್ಮೆಟ್ಟಿಗೆ ಬಡಿದು ಹೋದವೋ, ಬಟನ್ನು ಎಷ್ಟು ಕುಟ್ಟಿದರೂ ಕೆಲಸವಿಲ್ಲ.

ಹೀಗೆ ಬಡತನದಲ್ಲಿ ಸಂಸಾರ ಮಾಡುವವನು ಮೈಕೈ ಬರೆಯುತ್ತಾ ಕೂರಲಾರ. ಒಂದು ಟೋಪಿ, ಎರಡು ಕಣ್ಣು ಬರೆದು ಬಿಟ್ಟ. ಮುಚ್ಚಿದರೆ ಕಲ್ಲು, ತೆರೆದರೆ ಜೀವ. ಮಿಕ್ಕ ರೋಬೋಟುಗಳೆಲ್ಲ ಮೈಮೇಲೆ ಬೀಳುತ್ತವೆ, ಹಾರುತ್ತವೆ, ಬೆಂಕಿ ಕಾರುತ್ತವೆ. ಇವನೊಬ್ಬನಿಗೆ ಮಾತ್ರ ಹೆದರಿಕೆ ಇದೆ. ಹೆದರಿಕೆಗಿಂತ ಒಂದು ತೂಕ ಹೆಚ್ಚಾಗಿ ಕುತೂಹಲ ಇದೆ. ಸುಮ್ಮನೆ ಮುಚ್ಚಿಕೊಂಡು ಕೂತಿದ್ದರೆ ಜಗತ್ತಿನ ಯಾವ ಗುಂಡೂ ನಾಟದ ಹೆಲ್ಮೆಟ್ಟು ಅದು. ಆದರೆ ಯಾರೋ ಹತ್ತಿರ ಬಂದ ಸಪ್ಪಳ ಕೇಳಿದರೆ ನೋಡದೇ ಇರಲಾರ. ಅಲ್ಲಿಗೆ ಮುಗಿಯಿತು.

ಇವನನ್ನು ಬರೆದ ಕೈ ಯಾರದು ಎಂದು ಹುಡುಕಲು ಹೋದರೆ ಇನ್ನೊಂದು ಮುಚ್ಚಿದ ಟೋಪಿ. ಮೊದಲ ಆಟದ ಕೊನೆಗೆ ಬರುವ ಹೆಸರುಗಳಲ್ಲಿ ಒಂದೂ ಪೂರ್ತಿ ನಿಜದ್ದಲ್ಲ. ಆ ಕಾಲದಲ್ಲಿ ಕಂಪನಿಗಳು ಕೆಲಸಗಾರರ ಹೆಸರು ಹೊರಗೆ ಬಿಡುತ್ತಿರಲಿಲ್ಲ. ಬಿಟ್ಟರೆ ಎದುರು ಕಂಪನಿಯವನು ಎರಡು ಕಾಸು ಹೆಚ್ಚು ಕೊಟ್ಟು ಎಳೆದುಕೊಳ್ಳುತ್ತಾನೆಂಬ ಭಯ. ಆಟದ ಯೋಜನೆ ಹಾಕಿದವನು ಬರೀ ‘ಎ.ಕೆ.’. ಚಿತ್ರ ಬರೆದವರಲ್ಲಿ ಒಬ್ಬ ‘ಇನಾಫ್‌ಕಿಂಗ್’. ಎ.ಕೆ. ಅಂದರೆ ಅಕಿರಾ ಕಿತಾಮುರಾ, ಇನಾಫ್‌ಕಿಂಗ್ ಅಂದರೆ ಕೇಜಿ ಇನಾಫುನೆ. ಇನಾಫುನೆ ಮುಂದೆ ಬಲು ದೊಡ್ಡ ಹೆಸರಾದರು. ಜನ ಅವರನ್ನೇ ಮೆಗಾ ಮ್ಯಾನ್‌ನ ತಂದೆ ಎಂದು ಕರೆದರು. 2007ರಲ್ಲಿ ಅವರೇ ಎದ್ದು ನಿಂತು, ನಾನು ಬರುವ ಹೊತ್ತಿಗೆ ಆ ಹುಡುಗನ ಮೂಲರೂಪ ಸಿದ್ಧವಾಗಿತ್ತು, ನನ್ನದು ಅರ್ಧ ಕೆಲಸವಷ್ಟೇ ಎಂಬರ್ಥದ ಮಾತು ಹೇಳಿದರು. ಹಾಗೆ ಹೇಳುವವರು ಕಡಿಮೆ. ನಮ್ಮಪ್ಪ ಕಟ್ಟಿದ ಕಲ್ಯಾಣಮಂಟಪವೊಂದರ ಗೋಡೆಯಲ್ಲಿ ಶಂಕುಸ್ಥಾಪನೆ ಮಾಡಿದವರು, ಉದ್ಘಾಟನೆ ಮಾಡಿದವರು, ಅಧ್ಯಕ್ಷತೆ ವಹಿಸಿದವರು, ಘನ ಉಪಸ್ಥಿತಿ ಎಂದು ಹದಿನಾಲ್ಕು ಹೆಸರಿರುವ ಗ್ರಾನೈಟು ಕಲ್ಲಿದೆ. ಆ ಕಲ್ಲನ್ನು ತೂಗುಗುಂಡು ಹಿಡಿದು ನೆಟ್ಟಗೆ ಕೂರಿಸಿದವನು ಅಪ್ಪನೇ. ಅವನ ಹೆಸರಿಲ್ಲ.

ಆದರೆ ಆಟದ ಕೊನೆಯ ಆ ಪಟ್ಟಿಯಲ್ಲಿ ನನಗೆ ಬಲು ಇಷ್ಟವಾದ ಹೆಸರು ಬೇರೆ. ಆಟದ ಧ್ವನಿಯ ಪ್ರೋಗ್ರಾಮು ಬರೆದವರು ‘ಯೂಕಿಚಾನ್ಸ್ ಪಾಪಾ’. ಅಂದರೆ ಯೂಕಿ ಮರಿಯ ಅಪ್ಪ. ನಿಜನಾಮ ಯೋಶಿಹಿರೊ ಸಕಾಗುಚಿ. ನಮ್ಮವ್ವ ಇವತ್ತಿನವರೆಗೂ ಅಪ್ಪನ ಹೆಸರನ್ನು ಬಾಯಿಬಿಟ್ಟು ಹೇಳಿಲ್ಲ. ಬ್ಯಾಂಕಿನಲ್ಲಿ ಕೇಳಿದರೂ “ನಮ್ಮ ಹುಡುಗನ ಅಪ್ಪ” ಅನ್ನುತ್ತಾಳೆ. ಕೌಂಟರಿನ ಹುಡುಗಿ ಪೆನ್ನು ಹಿಡಿದು ಕಾಯುತ್ತಾಳೆ, ಅವ್ವ ನನ್ನ ಮುಖ ನೋಡುತ್ತಾಳೆ, ನಾನು ಹೇಳುತ್ತೇನೆ. ಜಪಾನಿನ ಒಂದು ಆಫೀಸಿನಲ್ಲಿ ಟಿಂಗ್ ಎಂಬ ಸದ್ದಿಗೆ ಕೂತು ಲೆಕ್ಕ ಬರೆಯುತ್ತಿದ್ದವರೂ ಹುಡುಗನ ಅಪ್ಪನೋ ಹುಡುಗಿಯ ಅಪ್ಪನೋ ಆಗಿಯೇ ಉಳಿದರಲ್ಲ ಎಂದು ಅವ್ವನಿಗೆ ಹೇಳಿದೆ. “ಗಂಡನ ಹೆಸರು ಹೇಳ್ದಿರೋ ಮರ್ಯಾದಸ್ತರು ಎಲ್ಲಾ ಕಡೆ ಇರ್ತಾರೆ ಬಿಡು” ಎಂದಳು. ವಿಷಯ ಅದಲ್ಲ ಅಂತ ಬಿಡಿಸಿ ಹೇಳಲು ಹೋಗಲಿಲ್ಲ.

ಡಿಪ್ಲೊಮಾ ಮುಗಿಸಿ ನಾನೂ ಸೈಟಿಗೆ ಬಿದ್ದೆ. ಬೆಂಗಳೂರು. ಮೊದಲ ದಿನವೇ ಸ್ಟೋರಿನವನು ಒಂದು ಹೆಲ್ಮೆಟ್ಟು ಕೊಟ್ಟು ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡ. ಬಿಳಿಯದು. ಬಿಳಿ ಎಂಜಿನಿಯರುಗಳಿಗೆ, ಹಳದಿ ಲೇಬರಿನವರಿಗೆ, ನೀಲಿ ಎಲೆಕ್ಟ್ರಿಷಿಯನ್ನುಗಳಿಗೆ, ಹಸಿರು ಸೇಫ್ಟಿಯವರಿಗೆ. ನಮ್ಮ ಸೈಟುಗಳಲ್ಲಿ ಸಾಮಾನ್ಯವಾಗಿ ನಡೆಯುವ ಪದ್ಧತಿ ಇದು. ಬಿಸಿಲಿಗೆ ಬಿಳಿ ಸ್ವಲ್ಪ ತಂಪು ಅನ್ನುವುದೂ ನಿಜ. ಆದರೆ ಬಿಸಿಲಲ್ಲಿ ನಿಲ್ಲುವವರು ಹಳದಿಯವರು.

ಮೆಟ್ಟೂಲ್‌ನದು ಹಳದಿ. ಕಂಪನಿಯ ಬಣ್ಣದ ಚಿತ್ರಗಳಲ್ಲಿ ಆ ಹಳದಿಯ ಮೇಲೆ, ಹಣೆಯ ಜಾಗದಲ್ಲಿ, ಹಸಿರು ಬಣ್ಣದ ಕೂಡುವ ಗುರುತು ಇರುತ್ತದೆ. ಚಿಕ್ಕಂದಿನಲ್ಲಿ ನೋಡಿದ್ದರೆ ಆಸ್ಪತ್ರೆಯದು ಅಂದುಕೊಳ್ಳುತ್ತಿದ್ದೆನೇನೋ. ಅದು ಜಪಾನಿನ ಹಸಿರು ಶಿಲುಬೆ. ಅಲ್ಲಿ ಕಾರ್ಖಾನೆ, ಸೈಟು ಎಲ್ಲ ಕಡೆ ‘ಸುರಕ್ಷತೆ ಮೊದಲು’ ಎಂಬ ಮಾತಿನ ಜೊತೆ ಬರೆದಿರುವ ಚಿಹ್ನೆ. 1919ರಲ್ಲಿ ಟೋಕಿಯೋದಲ್ಲಿ ಸುರಕ್ಷತಾ ಸಪ್ತಾಹ ನಡೆದಾಗ ತೋಶಿಫುಮಿ ಗಾಮೋ ಎಂಬವರು ಸೂಚಿಸಿದ ಗುರುತು ಅದು. ಕಾಕತಾಳೀಯ ನೋಡಿ, ಅದೇ 1919ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬುಲ್ಲಾರ್ಡ್ ಕಂಪನಿ ಗಣಿಯವರಿಗೆಂದು ಗಟ್ಟಿ ಟೋಪಿಯನ್ನು ಮಾರುಕಟ್ಟೆಗೆ ತಂದಿತು. ಅದಕ್ಕೂ ಮುಂಚೆ ಹಡಗು ಕಟ್ಟುವವರು ತಮ್ಮ ಟೋಪಿಗೆ ತಾವೇ ಡಾಂಬರು ಬಳಿದು ಬಿಸಿಲಲ್ಲಿ ಒಣಗಿಸಿ ಗಟ್ಟಿ ಮಾಡಿಕೊಳ್ಳುತ್ತಿದ್ದರಂತೆ. ಬುಲ್ಲಾರ್ಡ್ ಮನೆಯ ಮಗ ಎಡ್ವರ್ಡ್ ಮೊದಲ ಮಹಾಯುದ್ಧದಿಂದ ಉಕ್ಕಿನ ಸೈನಿಕ ಟೋಪಿ ಹಾಕಿಕೊಂಡು ಊರಿಗೆ ಬಂದ. ಅದನ್ನು ನೋಡಿ ಕ್ಯಾನ್ವಾಸಿಗೆ ಅಂಟು ಹಚ್ಚಿ, ಹಬೆಯಲ್ಲಿ ಬೇಯಿಸಿ, ಕಪ್ಪು ಬಣ್ಣ ಬಳಿದು ಟೋಪಿ ಮಾಡಿದರು. ಹಬೆಯಲ್ಲಿ ಬೆಂದದ್ದರಿಂದ ಅದಕ್ಕೆ ‘ಗಟ್ಟಿಯಾಗಿ ಬೇಯಿಸಿದ ಟೋಪಿ’ ಎಂದೇ ಹೆಸರು. ನಮ್ಮ ಇಡ್ಲಿ ಕೊಪ್ಪರಿಗೆಯ ಹತ್ತಿರದ ನೆಂಟ. 1933ರಲ್ಲಿ ಗೋಲ್ಡನ್ ಗೇಟ್ ಸೇತುವೆಯ ಕೆಲಸ ಶುರುವಾದಾಗ ಮುಖ್ಯ ಎಂಜಿನಿಯರ್ ಜೋಸೆಫ್ ಸ್ಟ್ರೌಸ್, ಟೋಪಿಯಿಲ್ಲದವನಿಗೆ ಇಲ್ಲಿ ಕೆಲಸವಿಲ್ಲ ಎಂದು ನಿಯಮ ಮಾಡಿದ. ಕೆಳಗೆ ಬಲೆಯನ್ನೂ ಕಟ್ಟಿಸಿದ. ಆ ಬಲೆಗೆ ಬಿದ್ದು ಬದುಕಿಕೊಂಡವರು 19 ಮಂದಿ. ‘ನರಕಕ್ಕೆ ಅರ್ಧ ದಾರಿ’ ಎಂಬರ್ಥದ ಹೆಸರಿನಲ್ಲಿ ಅವರದೊಂದು ಸಂಘವೇ ಆಯಿತು.

ಗಟ್ಟಿ ಟೋಪಿಯ ಗುಟ್ಟು ಅದರ ಗಟ್ಟಿತನದಲ್ಲಿಲ್ಲ. ಒಳಗಡೆ ತಿರುಗಿಸಿ ನೋಡಿದರೆ ಪಟ್ಟಿಗಳ ಒಂದು ಜಾಲ ಇರುತ್ತದೆ. ತಲೆ ಕೂರುವುದು ಆ ಜಾಲದಲ್ಲಿ. ಚಿಪ್ಪಿಗೂ ನೆತ್ತಿಗೂ ನಡುವೆ ಒಂದು ಅಂಗುಲದಷ್ಟು ಬರೀ ಗಾಳಿ. ಮೇಲೆ ಬಿದ್ದ ಏಟು ಪಟ್ಟಿಗಳಿಗೆ ಹಂಚಿಹೋಗಿ ನೆತ್ತಿಗೆ ತಲುಪುವಷ್ಟರಲ್ಲಿ ಸುಸ್ತಾಗಿರುತ್ತದೆ. ನಮ್ಮ ಹೆಂಗಸರು ಇದನ್ನು ಯಾವ ಕಂಪನಿಯಿಂದಲೂ ಕಲಿಯಲಿಲ್ಲ. ಬಟ್ಟೆ ಸುತ್ತಿ ನೆತ್ತಿಯ ಮೇಲೆ ಇಟ್ಟುಕೊಳ್ಳುವ ಸಿಂಬಿ ಮಾಡುವ ಕೆಲಸವೂ ಅದೇ. ಭಾರ ಒಂದು ಕಡೆ ಕೂರದ ಹಾಗೆ ಸುತ್ತಲೂ ಹಂಚುವುದು.

ಈ ಸಿಂಬಿಗೂ ಹೆಲ್ಮೆಟ್ಟಿಗೂ ಜಗಳ ಹತ್ತಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಒಂದು ಮೋಲ್ಡಿನ ದಿನ ಪಂಪು ಕೈಕೊಟ್ಟು ಕಾಂಕ್ರೀಟನ್ನು ತಲೆಯ ಮೇಲೆ ಸಾಗಿಸಬೇಕಾಯಿತು. ಯಾದಗಿರಿ ಕಡೆಯಿಂದ ಬಂದ ಹೆಂಗಸರು ಸಾಲಾಗಿ ನಿಂತರು. ಎಲ್ಲರ ತಲೆಯ ಮೇಲೂ ಹಳದಿ ಹೆಲ್ಮೆಟ್ಟು. ಮೊದಲ ಬಾಂಡ್ಲಿ ಏರಿದ ಕೂಡಲೇ ಜಾರಿತು. ಗುಂಡಗಿನ ಪ್ಲಾಸ್ಟಿಕ್ಕಿನ ಮೇಲೆ ಸಿಂಬಿ ನಿಲ್ಲುತ್ತದೆಯೇ? ಹಿರಿಯ ಹೆಂಗಸೊಬ್ಬಳು ಸಾಲಿನಿಂದ ಹೊರಬಂದು ನನ್ನ ಮುಂದೆ ನಿಂತಳು. “ಸಾಹೇಬ್ರ, ಈ ಟೊಪ್ಪಿಗಿ ಮ್ಯಾಲ ಸಿಂಬಿ ನಿಂದ್ರಂಗಿಲ್ರಿ. ತಲಿ ಉಳಸ್ಬೇಕೋ, ಮಾಲು ಉಳಸ್ಬೇಕೋ, ನೀವ ಹೇಳ್ರಿ” ಎಂದಳು. ಬಿಳಿ ಟೋಪಿಯ ನಾನು ಹಸಿರು ಟೋಪಿಯ ಸೇಫ್ಟಿಯವನ ಮುಖ ನೋಡಿದೆ. ಅವನು ಫೋನು ಬಂದವನ ಹಾಗೆ ಕಿವಿಗೆ ಮೊಬೈಲು ಹಿಡಿದು ಆಚೆ ಹೋದ. ಅವಳು ಇಬ್ಬರನ್ನೂ ನೋಡಿ, ಹೆಲ್ಮೆಟ್ಟು ತೆಗೆದು ಗೋಡೆಯ ಮೇಲೆ ಬೋರಲಿಟ್ಟು, ಸೆರಗಿನಿಂದ ಸಿಂಬಿ ಸುತ್ತಿಕೊಂಡಳು. ಹಿಂದಿನವರೂ ಹಾಗೇ ಮಾಡಿದರು. ಗೋಡೆಯುದ್ದಕ್ಕೂ ಹನ್ನೊಂದು ಹಳದಿ ಹೆಲ್ಮೆಟ್ಟುಗಳು ಬೋರಲಾಗಿ ಕೂತವು. ನನಗೆ ಥಟ್ಟನೆ ದಾವಣಗೆರೆಯ ಆ ಟಿವಿ ಕಣ್ಣ ಮುಂದೆ ಬಂತು. ಯಾವುದಾದರೂ ಒಂದು ತುಸು ಮೇಲೆದ್ದು ಇಣುಕೀತು ಎಂದು ನೋಡುತ್ತಾ ನಿಂತುಬಿಟ್ಟೆ. ಮೇಲಿಂದ ಕೂಗಿದರು, “ಸರ್, ಮಾಲು ಗಟ್ಟಿ ಆಗ್ತಾ ಇದೆ!”

ಮಾವನ ಮಗನ ಕಥೆಯನ್ನು ಒಂದೇ ಉಸಿರಿಗೆ ಹೇಳಿ ಮುಗಿಸುತ್ತೇನೆ. ನನ್ನ ಹತ್ತಿರ ಒಂದು ಹಳದಿ ಹೆಲ್ಮೆಟ್ಟು ಈಸಿಕೊಂಡವನು ಸ್ಕೂಟರಿನಲ್ಲಿ ಅದನ್ನೇ ಹಾಕಿಕೊಂಡು ಓಡಾಡಿದ. ಸರ್ಕಲ್ಲಿನಲ್ಲಿ ಹಿಡಿದ ಪೊಲೀಸರು, “ಏನ್ರೀ, ಮೋಲ್ಡ್ ಹಾಕೋಕೆ ಹೊರಟ್ರಾ?” ಎಂದು ಕೇಳಿ ದಂಡದ ಚೀಟಿ ಹರಿದರು. ಸೈಟಿನ ಹೆಲ್ಮೆಟ್ಟಿನ ಮಾನಕ ಐಎಸ್ 2925, ಗಾಡಿ ಹೆಲ್ಮೆಟ್ಟಿನದು ಐಎಸ್ 4151. ಒಂದು ಮೇಲಿಂದ ಬೀಳುವುದಕ್ಕೆ, ಇನ್ನೊಂದು ನಾವೇ ಹೋಗಿ ಬೀಳುವುದಕ್ಕೆ. ಅವನು ಇವತ್ತಿಗೂ ನಾನೇ ಅವನಿಗೆ ಟೋಪಿ ಹಾಕಿದೆ ಅನ್ನುತ್ತಾನೆ. ಅಕ್ಷರಶಃ ನಿಜ.

ನನಗೂ ಏಟು ಬಿದ್ದಿದೆ. ಮಾರ್ಚ್ 4 ರಾಷ್ಟ್ರೀಯ ಸುರಕ್ಷತಾ ದಿನ. ಅವತ್ತು ಸೈಟಿನಲ್ಲಿ ಬ್ಯಾಡ್ಜು ಹಂಚಿ, ಪ್ರತಿಜ್ಞೆ ಮಾಡಿಸಿ, ಬೂಂದಿ ಲಾಡು ಕೊಡುತ್ತಾರೆ. ಲಾಡು ಬಾಯಲ್ಲಿರುವಾಗಲೇ ಎರಡನೇ ಮಹಡಿಯ ಸಾರುವೆಯಿಂದ ಮುಷ್ಟಿಗಾತ್ರದ ಕಬ್ಬಿಣದ ಕ್ಲಾಂಪೊಂದು ನನ್ನ ತಲೆಯ ಮೇಲೆ ಬಿತ್ತು. ಸದ್ದು ಟಿಂಗ್ ಅಲ್ಲ. ಯೂಕಿಯ ಅಪ್ಪನಿಗೆ ಈ ವಿಷಯದಲ್ಲಿ ಅನುಭವ ಸಾಲದು. ಠಪ್ ಎಂದಿತು, ಒದ್ದೆ ಹಲಗೆಗೆ ಸುತ್ತಿಗೆ ಬಿದ್ದ ಹಾಗೆ. ಕುತ್ತಿಗೆ ಒಳಗೆ ಹೋಗಿ ಹೊರಗೆ ಬಂತು. ಕುಕ್ಕರಗಾಲಲ್ಲಿ ಕೂತುಬಿಟ್ಟೆ. ಎರಡು ಕೈಯಲ್ಲೂ ಹೆಲ್ಮೆಟ್ಟಿನ ಅಂಚು ಹಿಡಿದು ಕೆಳಗೆಳೆದುಕೊಂಡೆ. ಒಳಗೆ ಕತ್ತಲೆ, ಬೆವರಿನ ವಾಸನೆ, ನನ್ನದೇ ಉಸಿರು. ಎಷ್ಟು ಹೊತ್ತೋ ತಿಳಿಯದು. ಮೇಲಿಂದ ಏನಾದರೂ ಬಿದ್ದರೆ ಮೇಲೆ ನೋಡಬಾರದು, ಇದು ಪ್ರತಿ ಸೋಮವಾರ ನಾನೇ ಲೇಬರಿನವರಿಗೆ ಹೇಳುವ ಪಾಠ. ಹೇಳುವುದು ಸುಲಭ. ಯಾರು ಎಸೆದರು ಅಂತ ನೋಡದೆ ಇರುವುದು ಹೇಗೆ? ಅಂಚನ್ನು ಎರಡು ಬೆರಳು ಮೇಲೆತ್ತಿದೆ. ಕ್ಲಾಂಪಿನ ಹಿಂದೆಯೇ ಹೊರಟಿದ್ದ ಹಲಗೆಯ ಚೂರು ಮೂಗಿನ ಮೇಲೆ ಬಿತ್ತು.

ಗುರುತು ಇನ್ನೂ ಇದೆ. ಅವತ್ತಿನಿಂದ ಆ ಆಟದಲ್ಲಿ ನಾನು ಪಕ್ಷ ಬದಲಿಸಿದ್ದೇನೆ.

ಅಪ್ಪನಿಗೆ ಈ ಕಥೆ ಹೇಳಿದಾಗ ಅವನು ನಗಲಿಲ್ಲ. ಅವನ ಕಾಲದಲ್ಲಿ ಹೆಲ್ಮೆಟ್ಟು ಇರಲಿಲ್ಲ, ತಲೆಗೆ ಟವೆಲ್ಲು ಸುತ್ತುತ್ತಿದ್ದ. “ತಲೆ ಮೇಲೆ ಸಾಮಾನು ಬೀಳೋ ಹಂಗೆ ಕೆಲಸ ಮಾಡ್ಸೋನು ಮೇಸ್ತ್ರಿನೇ ಅಲ್ಲ” ಎಂದ. ಅದು ನನಗೆ ಹೇಳಿದ್ದೋ, ಎರಡನೇ ಮಹಡಿಯವನಿಗೋ ಗೊತ್ತಾಗಲಿಲ್ಲ. ಆಮೇಲೆ, ಅವನ ಬಳಿ ಕೆಲಸಕ್ಕಿದ್ದ ಒಬ್ಬ ಹುಡುಗನ ಮಾತು ತೆಗೆದ. ಇಟ್ಟಿಗೆ ಬಿದ್ದದ್ದು. ಅರ್ಧ ಹೇಳಿ, ಅವ್ವನಿಗೆ ಕಾಫಿ ಕೇಳಿದ.

ಕಳೆದ ವರ್ಷ ಅವನು ಬೆಂಗಳೂರಿಗೆ ಬಂದಾಗ ಸೈಟು ತೋರಿಸಲು ಕರೆದುಕೊಂಡು ಹೋದೆ. ಗೇಟಿನಲ್ಲಿ ವಿಸಿಟರ್ ಎಂದು ಬರೆದ ಹೆಲ್ಮೆಟ್ಟು ಕೊಟ್ಟರು. ತಲೆಗೆ ಮೊದಲು ಟವೆಲ್ಲು ಸುತ್ತಿ, ಅದರ ಮೇಲೆ ಹೆಲ್ಮೆಟ್ಟು ಇಟ್ಟುಕೊಂಡ. ಮಟ್ಟ ನೋಡುವ ಲೇಸರ್ ಯಂತ್ರದ ಕೆಂಪು ಗೆರೆಯ ಪಕ್ಕ ನಿಂತು ಒಂದು ಕಣ್ಣು ಮುಚ್ಚಿ ಗೋಡೆ ನೋಡಿ, “ಸರಿ ಐತೆ” ಎಂದು ಯಂತ್ರಕ್ಕೆ ಸರ್ಟಿಫಿಕೇಟು ಕೊಟ್ಟ. ಮಧ್ಯಾಹ್ನ ಬುತ್ತಿ ಉಂಡ ಮೇಲೆ ಕಾಣಲಿಲ್ಲ. ಹುಡುಕಿದರೆ ಎಂ-ಸ್ಯಾಂಡಿನ ಗುಡ್ಡೆಯ ನೆರಳಿನಲ್ಲಿ ಅಂಗಾತ ಮಲಗಿದ್ದಾನೆ, ಮುಖದ ಮೇಲೆ ಹೆಲ್ಮೆಟ್ಟು.

ಅದೇ ಹೊತ್ತಿಗೆ ನಮ್ಮ ದೊಡ್ಡ ಸಾಹೇಬರು ರೌಂಡಿಗೆ ಬಂದರು. ಸೈಟಿನಲ್ಲಿ ಮಲಗಿದವರನ್ನು ಕಂಡರೆ ಅವರಿಗಾಗದು. ಮರಳಿನ ಗುಡ್ಡೆಯ ಪಕ್ಕದಲ್ಲೇ ನಿಂತು ನನಗೆ ಸಿಮೆಂಟಿನ ಲೆಕ್ಕ ಕೇಳಿದರು, ಸೆಂಟ್ರಿಂಗ್ ಯಾವಾಗ ಬಿಚ್ಚುತ್ತೀರಿ ಅಂತ ಕೇಳಿದರು. ನಾನು ಅಡ್ಡ ನಿಂತು ಉತ್ತರ ಹೇಳುತ್ತಾ ಹೋದೆ. ಹಿಂದೆ ಹೆಲ್ಮೆಟ್ಟು ಅಲುಗಲಿಲ್ಲ. ಕೊನೆಗೆ ಅವರು ಲಿಫ್ಟಿನ ಕಡೆ ಹೊರಟರು. ನಾನು ತಿರುಗಿ ನೋಡಿದೆ. ಹೆಲ್ಮೆಟ್ಟು ಎರಡು ಬೆರಳಿನಷ್ಟು ಮೇಲೆದ್ದಿತು. ಕೆಳಗಿನಿಂದ ಎರಡು ಕಣ್ಣು.

“ಹೋದ್ನೇನಲೇ?”

“ಇಲ್ಲ, ಅಲ್ಲೇ ಲಿಫ್ಟ್ ಹತ್ರ ನಿಂತಾರೆ.”

ಹೆಲ್ಮೆಟ್ಟು ಮುಚ್ಚಿಕೊಂಡಿತು.